ಮಗಳ ತಪ್ಪೊಪ್ಪಿಗೆ ಬರೆಸಿದವನು ನಾನು

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯದ ಶಿಸ್ತು ಸಮಿತಿ ನನ್ನ ಮಗಳು ರಾಜಶ್ರೀಯನ್ನು ಅಮಾನತು ಮಾಡಿ, ಎಂ.ಎ. ಕೊನೆಯ ಪರೀಕ್ಷೆಯಿಂದ ಹೊರಗಿಟ್ಟಿದೆ. ಪರೀಕ್ಷೆ ಬರುವ ಸೋಮವಾರ. ಅವಳ ವಿರುದ್ಧ ಇರುವ ಏಕೈಕ ಸಾಕ್ಷಿ ಅವಳದೇ ಕೈಬರಹದ ಒಂದು ಹಾಳೆ. ಅಕ್ಷರ ಅವಳದು, ಮಾತು ನನ್ನದು. ಇದನ್ನು ನಿಮ್ಮ ಕಚೇರಿಯಲ್ಲಿ ಯಾರೂ ಕೇಳಿಸಿಕೊಳ್ಳದ ಕಾರಣ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹಾಸ್ಟೆಲಿಗೆ ಐದು ದಿನ ನೀರು ಬರಲಿಲ್ಲ. ಹುಡುಗಿಯರು ಖಾಲಿ ಬಕೆಟ್ ಇಟ್ಟುಕೊಂಡು ವಾರ್ಡನ್ ಕೋಣೆಯ ಮುಂದೆ ಕುಳಿತರು. ಗದ್ದಲದಲ್ಲಿ ಕಿಟಕಿಯ ಗಾಜು ಒಡೆಯಿತು. ಒಡೆದವರನ್ನು ಕಂಡವರಿಲ್ಲ. ನನ್ನ ಮಗಳು ಮುಂದಿನ ಸಾಲಿನಲ್ಲಿ ಕುಳಿತು ಜೋರಾಗಿ ಮಾತಾಡಿದ್ದಳು, ಅಷ್ಟೇ ಸಾಕಾಯಿತು. ದೂರು ಕೊಟ್ಟವರು ವಾರ್ಡನ್. ದೂರು ವಿಚಾರಿಸಿದ ಸಮಿತಿಯ ಕಾರ್ಯದರ್ಶಿಯೂ ವಾರ್ಡನ್. ಮೇಲ್ಮನವಿ ಕೊಡಬೇಕೆಂದರೆ ಅದನ್ನೂ ಅದೇ ಕಾರ್ಯದರ್ಶಿಯ ಮೂಲಕವೇ ಕೊಡಬೇಕಂತೆ. ಒಬ್ಬರ ಮೇಲೆ ಇಷ್ಟೊಂದು ಕೆಲಸ ಹೇರುವುದು ಯಾವ ನ್ಯಾಯ? ಪಾಪ, ಅವರಿಗೆ ಊಟಕ್ಕಾದರೂ ಬಿಡುವು ಕೊಡುತ್ತೀರಾ?

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಾನು ಮಸ್ಕಿಯಲ್ಲಿ ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿಯವನು. ನಮ್ಮಲ್ಲಿ ಜಗಳವಾದರೆ ಹಿರಿಯರು ಕೂಡುತ್ತಾರೆ. ತಪ್ಪು ಯಾರದೇ ಇರಲಿ, ವಯಸ್ಸಿನಲ್ಲಿ ಸಣ್ಣವರು “ತಪ್ಪಾತ್ರಿ” ಎಂದು ಕಾಲು ಮುಟ್ಟುತ್ತಾರೆ. ಹಿರಿಯರು ಭುಜ ಹಿಡಿದು ಎಬ್ಬಿಸಿ ಚಹಾ ತರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮಾತನ್ನೇ ಹಿಡಿದುಕೊಂಡು ಶಿಕ್ಷೆ ಕೊಟ್ಟವರನ್ನು ನಾನು ಈ ವಯಸ್ಸಿನವರೆಗೆ ನೋಡಿರಲಿಲ್ಲ. ಓದಿದವರ ಸಮಿತಿಯೂ ಹಾಗೇ ಇರುತ್ತದೆ ಎಂದುಕೊಂಡೆ. ವಿಚಾರಣೆಯ ಹಿಂದಿನ ದಿನ ಅಂಗಡಿಯ ಹಾಳೆಯೊಂದನ್ನು ಹರಿದು ಅವಳ ಮುಂದಿಟ್ಟೆ.

“ನಾ ಗಾಜು ಮುಟ್ಟೇ ಇಲ್ಲಪ್ಪಾ. ಯಾಕ ಬರೀಬೇಕು?” ಎಂದಳು.

“ದೊಡ್ಡೋರ ಮುಂದ ಬಗ್ಗಿದ್ರ ಏನೂ ಹೋಗಂಗಿಲ್ಲವ್ವಾ, ಬರಿ” ಎಂದೆ.

“ನನ್ನಿಂದ ತಪ್ಪಾಯಿತು, ಕ್ಷಮಿಸಿ” ಎಂದಷ್ಟೇ ಬರೆದಳು. ಅದರಲ್ಲಿ ಗಾಜಿನ ಸುದ್ದಿಯೇ ಇಲ್ಲ. ಗಾಜು ಒಡೆದಾಗ ಅವಳ ಪಕ್ಕದಲ್ಲೇ ಕುಳಿತಿದ್ದ ಮುಕ್ಕುಂದ ಊರಿನ ಗೆಳತಿ ದೀಪಾ, ವಿಚಾರಣೆಯ ದಿನ ಅವಳ ಪರವಾಗಿ ಹೇಳಲು ಬಂದು ಸಮಿತಿಯ ಬಾಗಿಲಲ್ಲಿ ನಿಂತಿದ್ದಳು. ಆರೋಪಿಯೇ ಒಪ್ಪಿಕೊಂಡ ಮೇಲೆ ಸಾಕ್ಷಿ ಏಕೆ ಎಂದು ಅವಳನ್ನು ವಾಪಸು ಕಳಿಸಿದರು.

ಆದೇಶ ಬಂದ ದಿನವೇ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ನಿಮ್ಮಲ್ಲಿಗೆ ಓಡಿ ಬಂದೆ. ವಿದ್ಯಾರ್ಥಿ ಜೊತೆಗಿಲ್ಲದೆ ಪಾಲಕರನ್ನು ಭೇಟಿಯಾಗುವುದಿಲ್ಲ ಎಂದರು. ಮರುದಿನ ಮಗಳನ್ನು ಕರೆತಂದೆ. ಅಮಾನತಾದವರನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದರು. ಹಾಗಾದರೆ ನಾವು ಬರುವುದು ಹೇಗೆ? ಕೊನೆಗೆ ನಿಮ್ಮ ಗುಮಾಸ್ತರೊಬ್ಬರು ಮರುಕಪಟ್ಟು ಹೊರಬಂದು, ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ದಾರಿ ತೋರಿಸಿದರು: “ಗಾಜು ನಾನೇ ಒಡದೀನಿ ಅಂತ ಇನ್ನೊಂದು ಪತ್ರ ಬರಸ್ರಿ. ಸಾಹೇಬ್ರು ಹಾಲ್ ಟಿಕೆಟ್ ಕೊಡ್ತಾರ.” ಬರೆದರೆ ನನ್ನ ಮಗಳು ಜೀವನಪೂರ್ತಿ ಸುಳ್ಳು ಅಪರಾಧಿ. ಬರೆಯದಿದ್ದರೆ ಅವಳ ಎರಡು ವರ್ಷದ ಓದು ನೀರುಪಾಲು. ಎತ್ತ ಹೋಗಲಿ, ಹೇಳಿ.

ಊರಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಇದನ್ನು ತಿಳಿಸಿದೆ. “ನೀ ಬರಿ ಅಂದ್ರ ಬರೀತೀನಿ. ಆದ್ರ ಈ ಸಲ ನನ್ನ ಮುಖ ನೋಡಿ ಹೇಳು” ಎಂದಳು. ನನ್ನಿಂದ ಆಗಲಿಲ್ಲ. ಹೆತ್ತ ಮಗಳ ಮುಂದೆ ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ದೂರು ಕೊಟ್ಟವರನ್ನು ಸಮಿತಿಯಿಂದ ಎಬ್ಬಿಸಿ, ದೀಪಾಳನ್ನು ಕರೆದು ಕೇಳಿ. ವಿಚಾರಣೆ ಮುಗಿಯುವವರೆಗೆ ಮಗಳಿಗೆ ಪರೀಕ್ಷೆ ಬರೆಯಲು ಬಿಡಿ. ಆ ಹಾಳೆಗೆ ಯಾರನ್ನಾದರೂ ಶಿಕ್ಷಿಸಲೇಬೇಕಿದ್ದರೆ ನನ್ನನ್ನು ಕರೆಸಿ. ಸೋಮವಾರ ಬೆಳಿಗ್ಗೆ ನಾವಿಬ್ಬರೂ ನಿಮ್ಮ ಗೇಟಿಗೆ ಬರುತ್ತೇವೆ. ಬಿಡದಿದ್ದರೆ ಪರೀಕ್ಷೆಯ ಮೂರು ತಾಸೂ ಅಲ್ಲೇ ನಿಲ್ಲುತ್ತೇವೆ. ನೀವು ಹೊರಗೆ ಬಂದರೂ ಅವಳಿಗೆ ಬಗ್ಗು ಎಂದು ನಾನು ಹೇಳುವುದಿಲ್ಲ.

ಇಂತಿ,
ಬುದ್ಧಿ ತಡವಾಗಿ ಬಂದ ತಂದೆ,
ಸಿದ್ದಲಿಂಗೇಶ, ಮಸ್ಕಿ