ಅರ್ಧ ಮಾತ್ರೆ

ಹೊಲಿಗೆ ಅಂಗಡಿಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು

ನನ್ನ ಮುದ್ದು ಮೆಣಸಿನಕಾಯಿಗೆ,

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೇ? ಶಾಲೆಯಲ್ಲಿ ಮಕ್ಕಳ ಮೇಲೆ ಕಿರುಚಿ ಗಂಟಲು ಕೆಡಿಸಿಕೊಂಡು, ಉಳಿದ ಗಂಟಲಿನಲ್ಲಿ ಫೋನಿನಲ್ಲಿ ನನ್ನ ಮೇಲೆ ಕಿರುಚುತ್ತೀಯ. ಅದಕ್ಕೇ ಈ ಕಾಗದ. ಇದರ ನಡುವೆ ನೀನು ಬಾಯಿ ಹಾಕುವಂತಿಲ್ಲ. ಅಕ್ಷರ ಸೊಟ್ಟಗಿದೆ ಎಂದು ಟೀಚರಮ್ಮ ಕೆಂಪು ಗೀಟು ಎಳೆಯಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದು ನಮ್ಮಪ್ಪ, ನಾನಲ್ಲ.

“ಹೊಲಿಗೆ ಬಿಡು ಅಜ್ಜೀ, ನನ್ನ ಹತ್ರ ಬಂದು ಸುಮ್ನೆ ಕೂತ್ಕೋ” ಎಂದೆಯಲ್ಲ, ಅದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಡುವುದಿಲ್ಲ, ಬರುವುದಿಲ್ಲ, ಸುಮ್ಮನೆ ಕೂರುವುದಂತೂ ಇಲ್ಲವೇ ಇಲ್ಲ. ಕಾಲಿನ ರಕ್ತನಾಳ ಕಿರಿದಾಗಿದೆ, ನಡೆಯಬೇಕು ಎಂದು ಡಾಕ್ಟರೇ ಹೇಳಿದ್ದಾರೆ. ಮೀನಖಂಡ ಹಿಡಿದುಕೊಂಡರೆ ನಿಲ್ಲಬೇಕಂತೆ, ನೋವು ಇಳಿದ ಮೇಲೆ ಮತ್ತೆ ಹೊರಡಬೇಕಂತೆ. ಅಂಗಡಿಗೆ ಬರುವ ದಾರಿಯಲ್ಲಿ ಸರಿಯಾಗಿ ಕ್ಷೌರದಂಗಡಿ ಮುಂದೆ ನನ್ನ ಕಾಲು ಮುಷ್ಕರ ಹೂಡುತ್ತದೆ. “ಏನಜ್ಜೀ, ಗಡ್ಡ ಮಾಡಿಸ್ಬೇಕಾ?” ಎನ್ನುತ್ತಾನೆ ಆ ತರಲೆ. “ಮೊದ್ಲು ಕತ್ತರಿ ಸಾಣೆ ಹಿಡಿಸಯ್ಯಾ, ಆಮೇಲೆ ನೋಡೋಣ” ಎನ್ನುತ್ತೇನೆ. ಅಷ್ಟರಲ್ಲಿ ನೋವು ಇಳಿದಿರುತ್ತದೆ, ಹೊರಟುಬಿಡುತ್ತೇನೆ.

ಈಗ ನಿಮ್ಮಪ್ಪನ ವಿಷಯ. ಆಸ್ಪತ್ರೆಯಿಂದ ನಾನು ಬಂದಾಗಿನಿಂದ ನೀನು ಅವನ ಫೋನ್ ಎತ್ತುತ್ತಿಲ್ಲ. “ಅಜ್ಜಿ ಕಾಲು ಹೋದ್ರೆ ನಿನ್ನ ಮುಖ ನೋಡಲ್ಲ” ಎಂದು ಅವನಿಗೆ ಹೇಳಿದೆಯಂತೆ. ನಿನಗೆ ಗೊತ್ತಿರುವುದು ಅವನು ಮಾತ್ರೆ ಅರ್ಧ ಮಾಡಿ ಕೊಟ್ಟ ಎನ್ನುವುದಷ್ಟೇ. ಪೂರ್ತಿ ನನ್ನಿಂದ ಕೇಳು. ರಕ್ತ ತೆಳುವಾಗುವ ಮಾತ್ರೆ ಶುರುವಾದ ಮೇಲೆ ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಮುಂಚೆ ಬೆರಳು ಬಾಯಿಗಿಟ್ಟು ತೆಗೆದರೆ ಮುಗಿಯುತ್ತಿತ್ತು. ಒಂದು ದಿನ ಬ್ಯಾಂಕಿನವರ ಬಿಳಿ ಅಂಗಿಗೆ ಕಾಲರ್ ಕೂಡಿಸುವಾಗ ಚುಚ್ಚಿಕೊಂಡೆ. ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಬಟ್ಟೆಗೆ ತಾಗಿದ ನಮ್ಮ ರಕ್ತ ನಮ್ಮ ಎಂಜಲಿಗೇ ಹೋಗುತ್ತದೆ. ಬಿಳಿ ದಾರದ ತುಂಡು ಬಾಯಲ್ಲಿ ಅಗಿದು ಕಲೆಯ ಮೇಲೆ ಒತ್ತಬೇಕು. ಅವತ್ತು ಅಗಿದೂ ಅಗಿದೂ ಬಾಯಿ ಒಣಗಿತೇ ಹೊರತು ಕಲೆ ಮುಗಿಯಲಿಲ್ಲ, ಒಂದನ್ನು ಒರೆಸಿದರೆ ಪಕ್ಕದಲ್ಲಿ ಇನ್ನೊಂದು. ಆ ಹೊತ್ತಿಗೇ ನಿಮ್ಮಪ್ಪ ಊಟದ ಡಬ್ಬಿ ಹಿಡಿದುಕೊಂಡು ಒಳಗೆ ಬಂದ. ಆ ಅಂಗಿಗಿಂತ ಹೆಚ್ಚು ಬಿಳುಚಿಕೊಂಡ.

ಪಂಪು ರಿಪೇರಿ ಮಾಡುವವನ ತಲೆಯಲ್ಲಿ ಇನ್ನೇನು ಓಡುತ್ತದೆ? ಎಣ್ಣೆ ತೆಳುವಾದರೆ ಸೋರುತ್ತದೆ, ಸ್ವಲ್ಪ ಗಟ್ಟಿ ಮಾಡಿದರೆ ನಿಲ್ಲುತ್ತದೆ. ಮಾತ್ರೆಯ ಡಬ್ಬಿ ಅವನ ಕೈಯಲ್ಲೇ ಇತ್ತಲ್ಲ, ಬ್ಲೇಡಿನಲ್ಲಿ ಒಂದೊಂದನ್ನೂ ಅರ್ಧ ಮಾಡಿ ಕೊಡತೊಡಗಿದ. ಡಾಕ್ಟರನ್ನು ಕೇಳಲಿಲ್ಲ, ನನಗೂ ಹೇಳಲಿಲ್ಲ. “ಮಾತ್ರೆ ಸಣ್ಣಗಾಗಿದೆಯಲ್ಲೋ” ಎಂದರೆ, “ಕಂಪನಿ ಬೇರೆ ಅಮ್ಮಾ” ಎಂದ. ಬೆರಳಿನ ರಕ್ತ ನಿಂತಿತು, ಅವನಿಗೆ ಖುಷಿಯೋ ಖುಷಿ. ಆಮೇಲೆ ಪಾದ ತಣ್ಣಗಾಯಿತು, ಕಾಲಿನ ಕಿರುಬೆರಳು ನೇರಳೆ ಬಣ್ಣಕ್ಕೆ ತಿರುಗಿತು.

ಆಸ್ಪತ್ರೆಯಲ್ಲಿ ಅವನು ಮುಚ್ಚಿಡಬಹುದಿತ್ತು ಮಗಳೇ. ಮಾತ್ರೆ ತಪ್ಪದೆ ತಗೊಂಡಿದ್ದಾರಾ ಎಂದು ಡಾಕ್ಟರು ಕೇಳಿದ್ದು ನನ್ನನ್ನು. ನಾನು ಹೂಂ ಎಂದೆ. ಅವನೇ ಎದ್ದು ನಿಂತು, “ಇಲ್ಲ ಸಾರ್, ನಾನು ಅರ್ಧ ಮಾಡಿದ್ದೆ, ಸೋರ್ತಿತ್ತು” ಎಂದ. ಡಾಕ್ಟರು ಹಿಗ್ಗಾಮುಗ್ಗಾ ಬೈದರು. ಕೊನೆಗೆ ನಾನೇ, “ಸಾಕು ಡಾಕ್ಟ್ರೇ, ಹೆತ್ತೋಳು ಇಲ್ಲೇ ಮಲಗಿದೀನಿ, ಉಳಿದಿದ್ದು ನನಗೆ ಬಿಡಿ” ಎಂದೆ. ಮನೆಗೆ ಬಂದ ಮೇಲೆ ಬಾಕಿ ಇಡದೆ ಬೈದೆ. ನನ್ನ ಮಂಚದ ಪಕ್ಕ ತಲೆ ತಗ್ಗಿಸಿ ಕೂತು ಕೇಳಿಸಿಕೊಂಡ. ಅಲ್ಲಿಗೆ ಮುಗಿಯಿತು. ಕಾಲು ನನ್ನದು, ಸಿಟ್ಟೂ ನನ್ನದು. ನಾನು ಮುಗಿಸಿದ ಸಿಟ್ಟನ್ನು ನೀನು ಸಾಕಿಕೊಂಡು ಕೂತಿರುವುದು ಯಾರ ಅಪ್ಪಣೆಯ ಮೇಲೆ?

ಈಗ ಇಡೀ ಮಾತ್ರೆ ಕೊಟ್ಟು, ನುಂಗುವ ತನಕ ಎದುರಿಗೇ ನಿಂತಿರುತ್ತಾನೆ. ಸಾಲದ್ದಕ್ಕೆ ಬಾಯಿ ತೆರೆಸಿ ನೋಡುತ್ತಾನೆ. ನನ್ನ ಕತ್ತರಿಯನ್ನೂ ಗ್ರೀಸ್ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದ, ನಾನು ಬಿಡುತ್ತೇನೆಯೇ? ಹುಡುಕಿ ತಂದು, ಒರೆಸಿ, ಅದರಲ್ಲೇ ಅವನ ಹಳೇ ಪ್ಯಾಂಟು ಕತ್ತರಿಸಿ ಕೈಚೀಲ ಹೊಲಿದೆ. ಡಾಕ್ಟರು ಹುಷಾರಾಗಿರಿ ಎಂದಿದ್ದಾರೆ, ಸತ್ತವಳಂತಿರಿ ಎಂದಿಲ್ಲ. ಸೂಜಿ ಚುಚ್ಚದಂತೆ ಎರಡು ಬೆರಳಿಗೆ ಅಂಗುಸ್ತಾನದ ಟೊಪ್ಪಿಗೆ ಹಾಕಿಕೊಳ್ಳುತ್ತೇನೆ. ಚುಚ್ಚಿದರೆ ಒತ್ತಿ ಹಿಡಿಯುತ್ತೇನೆ, ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗುತ್ತೇನೆ. ಮಾತ್ರೆಯನ್ನೂ ನುಂಗುತ್ತೇನೆ, ಹೊಲಿಗೆಯನ್ನೂ ಹೊಲಿಯುತ್ತೇನೆ. ಯಾವುದಾದರೂ ಒಂದೇ ಆರಿಸಿಕೋ ಎನ್ನುವವರು ನನ್ನೆದುರು ಬಂದು ಹೇಳಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳನ್ನು ಹೊಡೆಯಬೇಡ. ನೂರು ಕಾಲ ಗಟ್ಟಿ ಕಾಲಿನ ಮೇಲೆ ನಿಂತಿರು.

ಇಂತಿ,
ಯಾರ ಮಾತೂ ಕೇಳದ ನಿನ್ನ ಅಜ್ಜಿ

ಮರೆತಿದ್ದೆ. ಬರುವ ಸೋಮವಾರ ಬೆಳಿಗ್ಗೆ ತೊಡೆಯ ಹತ್ತಿರದಿಂದ ಕೊಳವೆ ತೂರಿಸಿ ನನ್ನ ನಾಳ ಅಗಲ ಮಾಡುತ್ತಾರಂತೆ. ಆಗದಿದ್ದರೆ ಕಾಲಿನ ಆ ಬೆರಳು ತೆಗೆಯಬೇಕಾಗಬಹುದು. ಒಪ್ಪಿಗೆಗೆ ನಾನೇ ರುಜು ಹಾಕಿದ್ದೇನೆ. ನನಗೋಸ್ಕರ ರಜೆ ಹಾಕಿ ಓಡಿ ಬರಬೇಡ, ನನ್ನ ಸುತ್ತ ಬೇಕಾದಷ್ಟು ಜನ ಇರುತ್ತಾರೆ. ಹೊರಗಿನ ಬೆಂಚಿನ ಮೇಲೆ ನಿಮ್ಮಪ್ಪ ಒಬ್ಬನೇ ಕೂತಿರುತ್ತಾನೆ. ಅವನ ಪಕ್ಕ ಬಂದು ಕೂತುಕೋ. ಮಾತಾಡಲೇಬೇಕೆಂದೇನೂ ಇಲ್ಲ.