ಜ್ವರಕ್ಕೆ ಮುಂಚೆ

ವಲ್ಯಾ ತೇಯುಲುಯ್
ಜನವರಿ 28 (ನಮ್ಮ ಇಗರ್ಜಿಯ ಲೆಕ್ಕದಲ್ಲಿ 15)

ಪ್ರೀತಿಯ ವೇತಾ ಅಕ್ಕ,

ಹೇಗಿದ್ದೀಯ? ಪಾದುವಾದಲ್ಲಿ ನೀನು ನೋಡಿಕೊಳ್ಳುವ ಅಜ್ಜಿ ಈಗಲೂ ನಿನ್ನ ಮೇಲೆ ಚಮಚ ಎಸೆಯುತ್ತಾಳೆಯೇ? ಪತ್ರ ತಡವಾಯಿತೆಂದು ಬೈಯಬೇಡ. ಹಿಮ ಬಿದ್ದು, ಪತ್ರ-ಪೊಟ್ಟಣ ಒಯ್ಯುವ ಕೋಸ್ತಾಕೆಯ ವ್ಯಾನು ಹೋದ ಭಾನುವಾರ ಇಟಲಿಗೆ ಹೊರಡಲೇ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಜೊತೆಗಿರುವ ಅಕ್ರೋಟಿನ ರೊಟ್ಟಿ ಅವಳೇ ಮಾಡಿದ್ದು. ರುಚಿ ಹೇಗಿದ್ದರೂ ಚೆನ್ನಾಗಿತ್ತು ಎನ್ನು.

ಅಮ್ಮನಿಗೆ ಫ್ಲೂ ಬಂದದ್ದು ನಿನಗೆ ಗೊತ್ತು. ಜ್ವರ ಬಿಟ್ಟಿತು, ಅಮ್ಮ ಮಾತ್ರ ಪೂರ್ತಿ ವಾಪಸು ಬರಲಿಲ್ಲ. ತೀರಿಕೊಂಡ ಅಪ್ಪನಿಗೆ ತಟ್ಟೆ ಇಟ್ಟು ಕಾಯತೊಡಗಿದಳು. ಒಮ್ಮೆ ಗ್ಯಾಸ್ ತಿರುಗಿಸಿ, ಬೆಂಕಿಪೊಟ್ಟಣ ಹುಡುಕುತ್ತ ಅಂಗಳಕ್ಕೆ ಹೋಗಿಬಿಟ್ಟಳು. ನಾನು ಮರದ ಮಿಲ್ಲಿನಲ್ಲಿದ್ದಾಗ ತೋಡೆರ್ ಮಾವ ಅವಳನ್ನು, ಇನ್ನೂ ಕೆಮ್ಮುತ್ತಿದ್ದವಳನ್ನು, ಪಟ್ಟಣದ ಡಾಕ್ಟರ ಮುಂದೆ ಕೂರಿಸಿದ. ರಾಜಧಾನಿಯಿಂದ ಹೊಸದಾಗಿ ಬಂದ ಡಾಕ್ಟರಮ್ಮ, ಬ್ರಾನಿಶ್ತೆ ಎಂದು ಹೆಸರು. ಇದು ಯಾವ ತಿಂಗಳೆಂದು ಕೇಳಿದರೆ ಅಮ್ಮ, "ಡಿಸೆಂಬರ್ ಅಲ್ವಾ, ಕ್ರಿಸ್ಮಸ್ ಇನ್ನೂ ಬರ್ಬೇಕಲ್ಲ" ಎಂದಳಂತೆ. ಅವತ್ತು ಹೊರಗಿನ ಲೆಕ್ಕಕ್ಕೆ ಜನವರಿ ಹುಟ್ಟಿಯಾಗಿತ್ತು. ಮರೆವಿನ ರೋಗ ಎಂದು ಬರೆದುಕೊಟ್ಟರು. ಮಾವ ಅದನ್ನು ಹಿಡಿದು ಸೀದಾ ಜಿಲ್ಲಾ ವೃದ್ಧಾಶ್ರಮದಲ್ಲಿ ಹಾಸಿಗೆ ಕೇಳಿಬಂದ.

ಅಕ್ಕ, ಮೈಯೆಲ್ಲ ಉರಿಯಿತು. ಹದಿಮೂರು ದಿನ ಹಿಂದೆ ನಡೆಯುವ ಹಳೆಯ ಕ್ಯಾಲೆಂಡರಿನ ಇಗರ್ಜಿಗೆ ಪ್ರಸಾದದ ರೊಟ್ಟಿ ಸುಡುವವಳಿಗೆ ಅದು ಡಿಸೆಂಬರೇ! ತಿಂಗಳ ಲೆಕ್ಕ ತಪ್ಪಿದ್ದು ಅಮ್ಮನದಲ್ಲ. ನನ್ನ ಹಾಸಿಗೆಯ ಕೆಳಗೆ ಕೂಡಿಟ್ಟಿದ್ದ ಆಸ್ಪತ್ರೆಯ ಕರಪತ್ರಗಳನ್ನೆಲ್ಲ ಹರಡಿ ಕೂತೆ. ವೈರಸ್ ಸೋಂಕಿನ ನಂತರ ಮುದುಕರಿಗೆ ಮನಸ್ಸು ಕದಡಬಹುದು, ವಾರಗಟ್ಟಲೆ ಉಳಿಯಬಹುದು, ಅದು ಮರೆವಿನ ರೋಗದಂತೆಯೇ ಕಾಣಬಹುದು ಎಂದು ಸ್ಪಷ್ಟವಾಗಿದೆ. ಅದನ್ನು ಮಾವನಿಗೆ ಓದಿ ಹೇಳಿದೆ.

"ಓಹೋ, ಬಂದ್ರಪ್ಪ ಪ್ರೊಫೆಸರ್ರು! ಮನೆಗೆ ಬೆಂಕಿ ಬಿದ್ರೆ ಈ ಕಾಗದದಲ್ಲೇ ಆರಿಸ್ತೀಯಾ?"

"ಜ್ವರದಿಂದ ಇನ್ನೂ ಚೇತರಿಸ್ಕೊಳ್ಳದೋಳನ್ನ ಪರೀಕ್ಷೆಗೆ ಕೂರಿಸಿದ್ದು ಅನ್ಯಾಯ, ಮಾವ."

"ಅವಳು ನನ್ನ ತಂಗಿ ಕಣೋ. ನೀನು ಮಿಲ್ಲಲ್ಲಿದ್ದಾಗ ಕಾಯೋನು ನಾನು. ನನಗೂ ಮಂಡಿ ಹೋಗಿದೆ."

ಅವನೊಡನೆ ಮತ್ತೆ ಮಾತಾಡಲಿಲ್ಲ. ಮರುದಿನವೇ ಡಾಕ್ಟರ ಬಾಗಿಲು ತಳ್ಳಿದೆ. ನನ್ನ ಕೂಗಾಟ ಮುಗಿಯುವವರೆಗೆ ಆಕೆ ತಣ್ಣಗಾದ ಚಹಾ ಕುಡಿಯುತ್ತಿದ್ದರು.

"ಕ್ಯಾಲೆಂಡರ್ ವಿಷಯ ನನಗೆ ಗೊತ್ತಿರ್ಲಿಲ್ಲ, ತಪ್ಪಾಯ್ತು. ಸೋಂಕು ಇಳಿಯೋವರೆಗೂ ಕಾಯ್ಬೇಕಿತ್ತು, ಅದೂ ಸರಿ. ಆದ್ರೆ ಕೇಳಪ್ಪಾ, ಒಳಗೆ ಮೊದಲೇ ರೋಗ ಇದ್ರೆ ಇಂಥ ಜ್ವರ ಅದನ್ನ ಬೇಗ ಮುಂದಕ್ಕೆ ತಳ್ಳಬಹುದು. ಆಗ ಕಾಯೋದಲ್ಲ, ಔಷಧಿ ಈಗಲೇ ಶುರು ಮಾಡ್ಬೇಕು. ಜ್ವರಕ್ಕೆ ಮುಂಚೆ ನಿಮ್ಮಮ್ಮ ಏನಾದ್ರೂ ಮರೀತಿದ್ರಾ?"

"ಇಲ್ಲ" ಎಂದೆ.

"ನಿಮ್ಮಕ್ಕನ್ನೂ ಕೇಳ್ತೀನಿ. ನಂಬರ್ ಕೊಡು."

ಮುಂದಿನ ಗುರುವಾರ ಅವರು ನಿನಗೆ ಫೋನ್ ಮಾಡುತ್ತಾರೆ. ನೀನೂ ಇಲ್ಲವೆಂದರೆ ಮೊದಲಿನ ಚೀಟಿ ರದ್ದಾಗುತ್ತದೆ, ವಸಂತದಲ್ಲಿ ಮತ್ತೆ ಪರೀಕ್ಷೆ, ಅಲ್ಲಿಯವರೆಗೆ ಅಮ್ಮ ನನ್ನ ಜೊತೆ. ಹೌದೆಂದರೆ ಔಷಧಿ ಸಿಗುತ್ತದೆ, ಆದರೆ ಮಾವನ ಕೈಯಲ್ಲಿ ಚೀಟಿ ಗಟ್ಟಿಯಾಗಿ ಉಳಿಯುತ್ತದೆ. ಇಲ್ಲವೆನ್ನು ಎಂದು ಕೇಳಿಕೊಳ್ಳಲೆಂದೇ ಬರೆಯಲು ಕೂತೆ.

ಬೆಚ್ಚಗಿರು. ಮಂಜಿನಲ್ಲಿ ಬರಿತಲೆಯಲ್ಲಿ ಓಡಾಡಬೇಡ. ಪವಿತ್ರ ಮಾತೆ ನಿನ್ನ ಬೆನ್ನಿಗಿರಲಿ, ಆ ಅಜ್ಜಿಯ ಚಮಚಗಳಿಂದಲೂ ಕಾಯಲಿ.

ನಿನ್ನ ತಮ್ಮ,
ಇಲಾರಿಯೆ

ಮರೆತ ಮಾತು: ಮರೆತದ್ದಲ್ಲ, ಅಕ್ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಡಾಕ್ಟರಿಗೆ ನಾನು ಸುಳ್ಳು ಹೇಳಿದೆ. ನಿನ್ನಿಂದಲೂ ಅದನ್ನೇ ಹೇಳಿಸಲು ಹೊರಟಿದ್ದೆ, ನಿನಗೇ ಗೊತ್ತಿಲ್ಲದ ಹಾಗೆ. ಆಗುತ್ತಿಲ್ಲ. ಗುರುವಾರ ನೀನು ಏನು ಹೇಳಿದರೂ ನಾನು ಕೋಪಿಸಿಕೊಳ್ಳುವುದಿಲ್ಲ. ಪ್ಲಮ್ ಕೀಳುವ ಕಾಲದಲ್ಲಿ, ಊರಿನಲ್ಲಿ ಜ್ವರದ ಸುಳಿವೇ ಇಲ್ಲದಿದ್ದಾಗ, ನೀನು ಒಂದು ಭಾನುವಾರ ತುಂಬ ಹೊತ್ತು ಅಮ್ಮನ ಜೊತೆ ಮಾತಾಡಿದೆ. ಅವಳು ನಕ್ಕಳು, ಫೋನಿಗೆ ಮುತ್ತು ಕೊಟ್ಟಳು. ಆಮೇಲೆ ಫೋನನ್ನು ನನ್ನ ಕೈಗಿಟ್ಟು ಹೇಳಿದಳು: "ಎಷ್ಟು ಒಳ್ಳೆ ಹುಡುಗಿ ಕಣೋ, ವಾರ ತಪ್ಪದೆ ಮಾತಾಡಿಸ್ತಾಳೆ. ಯಾರ ಮಗಳಂತೆ?"