ಕಿರಣಕ್ಕೆ ಕಟ್ಟಿದ್ದು

ದಾಂಡೇಲಿ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ತಂಗಿ ಶೈಲಾ,

ಹೇಗಿದ್ದೀಯ? ವಿಮಾನ ತುಂಬ ಮಂದಿಗೆ ಊಟ ಹಂಚಿ ನೀನು ಮಾತ್ರ ನಿಂತುಕೊಂಡೇ ಎರಡು ಬಿಸ್ಕಿಟ್ ತಿನ್ನುತ್ತೀಯಂತೆ. ಅವ್ವನಿಗೆ ಗೊತ್ತಾದರೆ ಬೈಸಿಕೊಳ್ಳುವವಳು ನಾನು. ಇಲ್ಲಿ ಎಲ್ಲರೂ ಆರಾಮ. ಕೂಸಿಗೆ ಐದು ತಿಂಗಳು ತುಂಬಿತು. ತಾನೇ ಬೋರಲು ಬೀಳುತ್ತಾಳೆ, ತಿರುಗಿ ಅಂಗಾತ ಆಗಲು ಬಾರದೆ ನನ್ನನ್ನು ಎಬ್ಬಿಸುತ್ತಾಳೆ. ನನ್ನ ನಿದ್ದೆಯ ಸುದ್ದಿ ಕೇಳಬೇಡ.

ನಿನ್ನ ಮೀಟರು ಸಿಕ್ಕಿತು, ಈ ಪತ್ರದ ಜೊತೆಗೇ ಕಳಿಸಿದ್ದೇನೆ. ವಿಮಾನದಲ್ಲಿ ಆಕಾಶದ ಕಿರಣ ಮೈಗೆ ಎಷ್ಟು ತಾಗುತ್ತದೆಂದು ಅಳೆಯಲು ನಿಮ್ಮ ಕಂಪನಿ ಕೊಟ್ಟ ಆ ಪುಟ್ಟ ಡಬ್ಬಿ, ನೀನು ರಜೆಗೆ ಬಂದು ಹೋದಾಗಿನಿಂದ ಕಾಣೆಯಾಗಿತ್ತಲ್ಲ, ನಮ್ಮ ತೊಟ್ಟಿಲಲ್ಲೇ ಇತ್ತು. ಕದ್ದವರು ನಮ್ಮ ಅತ್ತೆ ಸುಶೀಲವ್ವ. ಅವರ ಮೇಲೆ ಸಿಟ್ಟಾಗಬೇಡ, ತಪ್ಪು ನಿನ್ನ ಮಾತಿನದು. ಕೊರಳಲ್ಲಿ ಏನದು ಎಂದು ಕೇಳಿದ್ದಕ್ಕೆ, "ಕಿರಣಕ್ಕ ಕಟ್ಟಿಕೊಂಡೇನ್ರಿ ಅತ್ತಿ" ಅಂದೆಯಂತೆ. ದೃಷ್ಟಿಗೆ ತಾಯತ, ಜ್ವರಕ್ಕೆ ಗುಳಿಗೆ, ಕಿರಣಕ್ಕೆ ಇದು. ಅವರು ತಿಳಿದುಕೊಂಡದ್ದು ಹಾಗೆ. ಅದಕ್ಕೆ ಸರಿಯಾಗಿ ನಾನು ಫೋನಿನಲ್ಲಿ ಏನೇನೋ ಓದಿ, ಮೇಲೆ ಹೋದಷ್ಟೂ ಕಿರಣ ಹೆಚ್ಚು, ಕೂಸನ್ನು ವಿಮಾನ ಹತ್ತಿಸುವುದಿಲ್ಲ ಎಂದು ಎಲ್ಲರ ತಲೆ ತಿಂದಿದ್ದೆ. ನಮ್ಮ ಮನೆಯವರು ಉತ್ತರಾಖಂಡದ ಕಾಗದ ಕಾರ್ಖಾನೆ ಸೇರಿದ ಮೇಲೆ ಹುಟ್ಟಿದ ಮಗಳು. ಅವರು ಇನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ. ಅವರಿಗೆ ಊರಿಗೆ ಬಂದು ಹೋಗುವಷ್ಟು ರಜೆ ಇಲ್ಲ, ಕೂಸಿಗೆ ಅಷ್ಟು ದೂರದ ರೈಲು ಆಗದು, ವಿಮಾನಕ್ಕೆ ನಾನು ಒಪ್ಪಲಿಲ್ಲ. ಅತ್ತೆ ಏನು ಮಾಡಿದರು ಗೊತ್ತೇ? ನೀನು ಸ್ನಾನಕ್ಕೆ ಹೋದಾಗ ಮೀಟರು ತೆಗೆದು ತೊಟ್ಟಿಲ ಕೌದಿಯ ಮೂಲೆಯಲ್ಲಿ ಇಟ್ಟು ಹೊಲಿದುಬಿಟ್ಟರು. ನಿನ್ನೆ ಒಗೆಯಲು ತೆಗೆದಾಗ ಕೈಗೆ ಗಟ್ಟಿ ಹತ್ತಿತು. ಕೇಳಿದರೆ, "ಆಕಿಗೆ ಕಂಪನ್ಯಾಗ ಇನ್ನೊಂದು ಕೊಡ್ತಾರವಾ. ನಮ್ಮ ಕೂಸಿಗೆ ಯಾರು ಕೊಡ್ತಾರ?" ಅಂದರು.

ನಗುತ್ತಲೇ ಅಂಕಿ ನೋಡಿದೆ, ನಗು ಅಲ್ಲೇ ನಿಂತಿತು. ನೀನು ನಮಗೆಲ್ಲ ತೋರಿಸಿದಾಗ ಇನ್ನೂರ ಹನ್ನೆರಡು ಇತ್ತು, ಈಗ ಇನ್ನೂರ ನಲವತ್ತೆಂಟು. ಎಲ್ಲಿಗೂ ಹಾರದ ತೊಟ್ಟಿಲಲ್ಲಿ ಮೂವತ್ತಾರು ಏರಿದೆ. ಆಮೇಲೆ ಬಿ.ಎಸ್ಸಿ.ಯಲ್ಲಿ ಓದಿದ್ದು ನೆನಪಾಯಿತು. ನೆಲದಿಂದ, ಗೋಡೆಯಿಂದ, ಆಕಾಶದಿಂದ ಎಲ್ಲರಿಗೂ ಚೂರು ಚೂರು ತಾಗುತ್ತಲೇ ಇರುತ್ತದೆ. ಗೋವಾದಿಂದ ದಿಲ್ಲಿಗೆ ಒಮ್ಮೆ ಹೋದರೆ ಆರೇಳು ಏರುತ್ತದೆ ಎಂದು ನೀನೇ ಹೇಳಿದ್ದೆ. ಅಂದರೆ ನಾನು ಪಕ್ಕದ ಅಂಬಿಕಾನಗರಕ್ಕೂ ಒಯ್ಯದೆ ಮುಚ್ಚಿಟ್ಟ ಕೂಸು, ಹದಿನೈದು ದಿನದಲ್ಲಿ ದಿಲ್ಲಿಗೆ ಎರಡು ಸಲ ಹೋಗಿ ಬಂದದ್ದಕ್ಕಿಂತ ಹೆಚ್ಚು ತಾಗಿಸಿಕೊಂಡು ಗುಂಡಗುಂಡಗೆ ಇದೆ. ಅತ್ತೆಗೆ ಬಿಡಿಸಿ ಹೇಳಿದೆ. "ಹಂಗಾರ ಇದು ಕಾಯೂದಿಲ್ಲೇನು?" ಅಂದರು. ಇಲ್ಲರೀ, ಬರೇ ಎಣಿಸುತ್ತದೆ ಅಂದೆ. "ಥೇಟ್ ನಿನ್ನಂಗ ಐತಿ" ಎಂದು ಎದ್ದು ಹೋದರು.

ನಿಮ್ಮ ಸಾಹೇಬರಿಗೆ ಮರೆಯದೆ ಹೇಳು, ಆ ಮೂವತ್ತಾರು ನಿನ್ನ ಲೆಕ್ಕದ್ದಲ್ಲ. ಅತ್ತೆಯ ಆಶೀರ್ವಾದ, ಕೂಸಿನ ಜೊಲ್ಲು ಮುತ್ತು.

ನಿನ್ನ ಅಕ್ಕ,
ಸುವರ್ಣಾ

ತಾ.ಕ.: ಮುಂದಿನ ವಾರದ ಶನಿವಾರಕ್ಕೆ ಗೋವಾದಿಂದ ದಿಲ್ಲಿಗೆ ಟಿಕೆಟ್ ತೆಗೆಸಿದ್ದೇನೆ, ಅತ್ತೆಯದೂ ಸೇರಿ. ಗೋವಾ ದಾರಿಯ ರಾಮನಗರದ ಮೇಲೆ ಹೋಗಲು ಸುಭಾನಿ ಭಾಯಿಯ ಕಾರು ಹೇಳಿ ಆಯಿತು. ನಮ್ಮ ಮನೆಯವರಿಗೆ ಗೊತ್ತಿಲ್ಲ, ನೀನೂ ಬಾಯಿ ಬಿಡಬೇಡ. ಏನಾದರೂ ನೆಪ ಹೇಳಿ ಅವರನ್ನು ದಿಲ್ಲಿಯ ವಿಮಾನ ನಿಲ್ದಾಣಕ್ಕೆ ಕರೆಸು. ಕೂಸಿಗೆ ಅಪ್ಪ ಎಂದರೆ ಇನ್ನೂ ಫೋನಿನಷ್ಟೇ ಅಗಲದ ಮನುಷ್ಯ. ಪೂರ್ತಿ ಆಳು ನೋಡಿ ಇಬ್ಬರಲ್ಲಿ ಯಾರು ಮೊದಲು ಅಳುತ್ತಾರೋ, ನೀನು ಪಕ್ಕದಲ್ಲೇ ಇರು.